ಎವೆ ಮುಚ್ಚಿ ತೆರೆಯುವಷ್ಟರಲ್ಲಿ: ಎಲ್‌ಟಿ ಪ್ಯಾನೆಲ್ ಮುಂದೆ ನಿಂತವರ ಲೆಕ್ಕ

ಎದೆಯೆತ್ತರದಿಂದ ಕೈಜಾರಿದ ವಾಷರ್ ನೆಲ ಮುಟ್ಟಲು ಸುಮಾರು ಅರ್ಧ ಸೆಕೆಂಡ್ ಬೇಕು. ನೆಲಕ್ಕೆ ಬಿದ್ದರೆ ಟಣ್ ಎನ್ನುತ್ತದೆ, ಬಗ್ಗಿ ಎತ್ತಿಕೊಂಡರೆ ಮುಗಿಯಿತು. ಬೀಳುವ ದಾರಿಯಲ್ಲಿ ಪ್ಯಾನೆಲ್ ಒಳಗಿನ ಎರಡು ಬಸ್‌ಬಾರ್‌ಗಳ, ಅಂದರೆ ಕರೆಂಟ್ ಹೊರುವ ದಪ್ಪ ಲೋಹದ ಪಟ್ಟಿಗಳ, ನಡುವೆ ತಗುಲಿಕೊಂಡರೆ ಮಾತ್ರ ಆಮೇಲೆ ಎತ್ತಿಕೊಳ್ಳಲು ವಾಷರ್ ಇರುವುದಿಲ್ಲ. ಅದು ಕರಗಿ, ಆವಿಯಾಗಿ, ತಾನಿದ್ದ ಜಾಗದಲ್ಲಿ ಉರಿಯುವ ಸೇತುವೆಯೊಂದನ್ನು ಕಟ್ಟಿ ಹೋಗಿರುತ್ತದೆ. ಆ ಸೇತುವೆ ಎಷ್ಟು ಹೊತ್ತು ನಿಂತಿತು ಎಂಬುದರ ಮೇಲೆ ಎದುರಿಗಿದ್ದ ಎಲೆಕ್ಟ್ರಿಷಿಯನ್ ಸಂಜೆ ಮನೆಗೆ ಹೋಗುತ್ತಾರೋ ಆಸ್ಪತ್ರೆಗೋ ಎಂಬುದು ತೀರ್ಮಾನವಾಗುತ್ತದೆ.

ಆ ಹೊತ್ತನ್ನು ನಿಗದಿ ಮಾಡಿದವರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ವರ್ಷಗಳ ಹಿಂದೆ, ಯಾವುದೋ ಡಿಸೈನ್ ಕಚೇರಿಯಲ್ಲಿ, ಶಾರ್ಟ್ ಆದಾಗ ಕರೆಂಟ್ ಕಡಿದುಹಾಕುವ ಬ್ರೇಕರ್‌ನ ಸೆಟ್ಟಿಂಗ್ ಪಟ್ಟಿಯಲ್ಲಿ 0.3 ಸೆಕೆಂಡ್ ಎಂದೋ 0.4 ಎಂದೋ ಬರೆದು ಸಹಿ ಹಾಕಿದವರು ಅವರು. ವಿದ್ಯುತ್ ಸುರಕ್ಷತೆ ಎಂದೊಡನೆ ನಾವು ಹೆಲ್ಮೆಟ್, ಕೈಗವಸು, ರಬ್ಬರ್ ಮ್ಯಾಟ್, ಗೋಡೆಯ ಮೇಲಿನ ತಲೆಬುರುಡೆ ಚಿತ್ರ ಇವನ್ನೇ ನೆನೆಯುತ್ತೇವೆ. ನನ್ನ ಮಟ್ಟಿಗೆ ಈ ವಿಷಯದ ಜೀವಾಳ ಇರುವುದು ಆ ಪುಟ್ಟ ಸಂಖ್ಯೆಯಲ್ಲಿ.

ಮೊದಲು ಹೆಸರಿನ ಗೊಂದಲ. ಎಲ್‌ಟಿ ಅಂದರೆ ಲೋ ಟೆನ್ಷನ್, ಲೋ ವೋಲ್ಟೇಜ್‌ನ ಇನ್ನೊಂದು ಹೆಸರು. ಎಚ್‌ಟಿ ಅಂದರೆ ಹೈ ಟೆನ್ಷನ್. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ, ಅಂದರೆ ಐಇಸಿಯ ವ್ಯಾಖ್ಯೆಯಂತೆ ಎಸಿಯಲ್ಲಿ 1000 ವೋಲ್ಟ್‌ವರೆಗೆ, ಡಿಸಿಯಲ್ಲಿ 1500 ವೋಲ್ಟ್‌ವರೆಗೆ ಎಲ್ಲವೂ ಲೋ ವೋಲ್ಟೇಜ್. ಈ ‘ಲೋ’ ಎಂಬುದು ಸಾಗಣೆ ಲೈನುಗಳ ಲಕ್ಷಗಟ್ಟಲೆ ವೋಲ್ಟ್‌ಗೆ ಹೋಲಿಸಿ ಇಟ್ಟ ಹೆಸರು. ಮನುಷ್ಯನ ಮೈಗೆ ಹೋಲಿಸಿ ಇಟ್ಟದ್ದಲ್ಲ. ಆದರೆ ಹೆಸರಿಗೆ ಅದರದೇ ಪರಿಣಾಮ ಇದೆ. ಎಚ್‌ಟಿ ಕೋಣೆಗೆ ಕಾಲಿಡುವಾಗ ಪರ್ಮಿಟ್, ಬೀಗ, ಅರ್ಥಿಂಗ್ ರಾಡ್ ಎಲ್ಲ ತಾನಾಗಿ ನೆನಪಾಗುತ್ತದೆ. ಅದೇ ಜನ ಎಲ್‌ಟಿ ಪ್ಯಾನೆಲ್ ಎದುರು ಬಂದಾಗ ‘ಎಲ್‌ಟಿ ತಾನೇ’ ಎಂದು ಬಾಗಿಲು ತೆರೆದು ಬರಿಗೈ ಹಾಕುತ್ತಾರೆ.

ವೋಲ್ಟೇಜ್ ಕಡಿಮೆಯಾದಂತೆ ಕರೆಂಟ್ ಹೆಚ್ಚುತ್ತದೆ ಎಂಬುದು ಟ್ರಾನ್ಸ್‌ಫಾರ್ಮರಿನ ಸರಳ ಗುಣ. ಸಾಧಾರಣವಾದ 1000 ಕೆವಿಎ ಟ್ರಾನ್ಸ್‌ಫಾರ್ಮರ್ ಒಂದನ್ನೇ ತೆಗೆದುಕೊಳ್ಳಿ. 11 ಸಾವಿರ ವೋಲ್ಟ್ ಬದಿಯಲ್ಲಿ ಅದರ ಪೂರ್ಣ ಲೋಡ್ ಕರೆಂಟ್ ಸುಮಾರು 52 ಆಂಪಿಯರ್. 400 ವೋಲ್ಟ್ ಬದಿಯಲ್ಲಿ ಅದೇ ಸುಮಾರು 1440 ಆಂಪಿಯರ್. ಟ್ರಾನ್ಸ್‌ಫಾರ್ಮರಿನ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ಒಳ ತಡೆ, ಶೇಕಡಾ 5 ಎಂದಾದರೆ, 400 ವೋಲ್ಟ್ ಬದಿಯಲ್ಲಿ ಮೂರೂ ಫೇಸ್ ಗಟ್ಟಿಯಾಗಿ ಶಾರ್ಟ್ ಆದ ಕ್ಷಣ ಹರಿಯುವ ಕರೆಂಟ್ ಅದರ ಇಪ್ಪತ್ತು ಪಟ್ಟು, ಅಂದರೆ ಹತ್ತಿರ ಹತ್ತಿರ 29 ಸಾವಿರ ಆಂಪಿಯರ್. ತಗಡಿನ ಬೀರುವಿನಂತೆ ಸಭ್ಯವಾಗಿ ನಿಂತಿರುವ ಆ ಪ್ಯಾನೆಲ್‌ನ ಬೆನ್ನಹಿಂದೆ ಇಷ್ಟು ಶಕ್ತಿ ಕಾದು ಕೂತಿರುತ್ತದೆ.

ಶಾಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಅಪಾಯ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಹಿಡಿದ ತಂತಿಯನ್ನು ತಾವಾಗಿ ಬಿಡಲು ಸಾಧ್ಯವಾಗುವ ಕರೆಂಟಿನ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಸುಮಾರು 10.5 ಎಂದು ಕಂಡುಬಂತು. ಹಳೆಯ 100 ವ್ಯಾಟ್ ಬಲ್ಬ್ ಎಳೆಯುವುದು 400ಕ್ಕೂ ಹೆಚ್ಚು ಮಿಲಿಆಂಪಿಯರ್. 30 ಮಿಲಿಆಂಪಿಯರ್ ಸೋರಿದೊಡನೆ ಕರೆಂಟ್ ಕಡಿದುಹಾಕುವ ಆರ್‌ಸಿಡಿ ಎಂಬ ಸಾಧನ ಬಂದ ಮೇಲೆ ಎಷ್ಟೋ ಜೀವ ಉಳಿದಿವೆ. ಆದರೆ ಅದಕ್ಕೆ ಕಾಣುವುದು ನೆಲಕ್ಕೆ ಸೋರುವ ಕರೆಂಟ್ ಮಾತ್ರ. ಒಂದು ಕೈ ಆರ್ ಫೇಸ್ ಮೇಲೆ, ಇನ್ನೊಂದು ವೈ ಫೇಸ್ ಮೇಲೆ ಬಿದ್ದರೆ ಆರ್‌ಸಿಡಿಯ ಪಾಲಿಗೆ ಆ ಮನುಷ್ಯನೂ ಒಂದು ಹೀಟರ್, ಅಷ್ಟೇ. ಇನ್ನು ಸಾವಿರಾರು ಆಂಪಿಯರ್ ಹೊರುವ ಮುಖ್ಯ ಪ್ಯಾನೆಲ್‌ನ ಇನ್‌ಕಮರ್‌ನಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನ ಕರೆಂಟ್ ಒಳಬರುವ ಮೊದಲ ಬ್ರೇಕರ್‌ನಲ್ಲಿ, 30 ಮಿಲಿಆಂಪಿಯರ್ ಆರ್‌ಸಿಡಿಯ ಮಾತೇ ಇಲ್ಲ.

ಬಹುಕಾಲ ಸುರಕ್ಷತೆಯ ಪಾಠ ಶಾಕ್‌ಗೇ ಮುಗಿಯುತ್ತಿತ್ತು. ಮುಟ್ಟದಿದ್ದರೆ ಸಾಕು ಎಂಬ ನಂಬಿಕೆ. 1982ರಲ್ಲಿ ರಾಲ್ಫ್ ಲೀ ಎಂಬ ಎಂಜಿನಿಯರ್ ಪ್ರಕಟಿಸಿದ ಪ್ರಬಂಧ ಈ ನಂಬಿಕೆಯನ್ನು ಅಲುಗಿಸಿತು. ತಂತಿಯನ್ನು ಮುಟ್ಟದೆಯೂ, ಒಂದು ಮಾರು ದೂರದಲ್ಲಿ ನಿಂತೂ, ಆರ್ಕ್‌ನ, ಅಂದರೆ ಆ ಉರಿಯುವ ಸೇತುವೆಯ, ಶಾಖದಿಂದಲೇ ಮನುಷ್ಯ ಸುಟ್ಟು ಸಾಯಬಹುದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ವಿದ್ಯುತ್ ಕೆಲಸದ ಸುರಕ್ಷತೆಗೆಂದು ಅಮೆರಿಕದ ಎನ್‌ಎಫ್‌ಪಿಎ 70ಇ ಮಾನದಂಡ 1979ರಲ್ಲೇ ಬಂದಿತ್ತು. ಅದರೊಳಗೆ ಆರ್ಕ್ ಫ್ಲ್ಯಾಶ್‌ಗೆ, ಅಂದರೆ ಆರ್ಕ್ ಚಿಮ್ಮಿಸುವ ಶಾಖದ ಅಪಾಯಕ್ಕೆ, ಜಾಗ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ. ಲೆಕ್ಕಾಚಾರಕ್ಕೆ ಗಟ್ಟಿ ಸೂತ್ರ ಕೊಟ್ಟ ಐಇಇಇ 1584 ಎಂಬ ಮಾರ್ಗದರ್ಶಿ ಹೊರಬಿದ್ದದ್ದು 2002ರಲ್ಲಿ, ಪೂರ್ತಿ ಹೊಸದಾಗಿ ಬರೆಸಿಕೊಂಡದ್ದು 2018ರಲ್ಲಿ. ವಿದ್ಯುತ್ ಪ್ಯಾನೆಲ್‌ಗಳಿಗೆ ನೂರು ವರ್ಷ ಮೀರಿದೆ, ಅವು ಸುಡುವ ಪರಿಗೆ ಸರಿಯಾದ ಲೆಕ್ಕ ಸಿಕ್ಕು ಇನ್ನೂ ಒಂದು ತಲೆಮಾರೂ ಆಗಿಲ್ಲ.

ಆರ್ಕ್ ಅಂದರೇನು? ಗಾಳಿ ತಾನು ವಿದ್ಯುತ್ ಹರಿಸುವುದಿಲ್ಲ. ವಾಷರ್ ಕರಗಿ ಆವಿಯಾದಾಗ ಆ ಬಿಸಿಗೆ ಸುತ್ತಲ ಗಾಳಿ ಪ್ಲಾಸ್ಮಾ ಆಗುತ್ತದೆ, ಪ್ಲಾಸ್ಮಾ ತಂತಿಯ ಕೆಲಸ ಮಾಡತೊಡಗುತ್ತದೆ. ಅಲ್ಲಿಂದ ಮುಂದೆ ಅದು ತನ್ನನ್ನು ತಾನೇ ಸಾಕಿಕೊಳ್ಳುತ್ತದೆ. ಬಸ್‌ಬಾರಿನ ತಾಮ್ರವೇ ಅದಕ್ಕೆ ಆಹಾರ. ಆರ್ಕ್‌ನ ನಡುವಿನ ಶಾಖ ಹತ್ತೊಂಬತ್ತು ಇಪ್ಪತ್ತು ಸಾವಿರ ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಬಹುದೆಂದು ಈ ಕ್ಷೇತ್ರದ ಬರಹಗಳು ಹೇಳುತ್ತವೆ. ಸೂರ್ಯನ ಮೇಲ್ಮೈಯದು 5500ರ ಆಸುಪಾಸು. ತಾಮ್ರ ಘನರೂಪದಿಂದ ಆವಿಯಾಗುವಾಗ ಅದರ ಗಾತ್ರ ಸುಮಾರು 67 ಸಾವಿರ ಪಟ್ಟು ಹಿಗ್ಗುತ್ತದೆ. ಹಾಗಾಗಿ ಇದು ಬೆಂಕಿ ಮಾತ್ರವಲ್ಲ, ಸ್ಫೋಟವೂ ಹೌದು. ಬಾಗಿಲು ಕಿತ್ತು ಹಾರುತ್ತದೆ, ಕರಗಿದ ಲೋಹದ ಹನಿಗಳು ಎರಚುತ್ತವೆ, ಸದ್ದು 140 ಡೆಸಿಬೆಲ್ ದಾಟಿ ಕಿವಿಯ ತಮಟೆ ಹರಿಯಬಹುದು. ಕಣ್ಣಿಗೆ ಬೀಳುವ ಬೆಳಕಂತೂ ವೆಲ್ಡಿಂಗ್ ಬೆಳಕನ್ನು ಕನ್ನಡಕವಿಲ್ಲದೆ ನೋಡಿದ್ದಕ್ಕಿಂತ ಕೆಟ್ಟದ್ದು.

ಶಾಖವನ್ನು ಅಳೆಯುವ ಮಾನ ಚದರ ಸೆಂಟಿಮೀಟರಿಗೆ ಇಷ್ಟು ಕ್ಯಾಲರಿ ಎಂಬುದು. ಬರಿ ಚರ್ಮ ಬೊಬ್ಬೆಯೇಳುವ, ಅಂದರೆ ಎರಡನೇ ದರ್ಜೆಯ ಸುಟ್ಟಗಾಯ ಶುರುವಾಗುವ ಗೆರೆ 1.2 ಕ್ಯಾಲರಿ. ಲೈಟರ್ ಜ್ವಾಲೆಯ ತುದಿಗೆ ಬೆರಳನ್ನು ಒಂದು ಸೆಕೆಂಡ್ ಹಿಡಿದಷ್ಟು ಎಂದು ತರಬೇತಿಗಳಲ್ಲಿ ಹೋಲಿಕೆ ಕೊಡುವುದುಂಟು. ಸರಿಯಾಗಿ ರೂಪಿಸದ ಮುಖ್ಯ ಪ್ಯಾನೆಲ್ ಎದುರು ಈ ಸಂಖ್ಯೆ ಹತ್ತಾರಕ್ಕೆ ಏರುತ್ತದೆ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಆರ್ಕ್‌ನ ಶಾಖ ಮೂರು ಸಂಗತಿಗಳ ಮೇಲೆ ನಿಂತಿದೆ: ಕರೆಂಟ್ ಎಷ್ಟು, ನೀವು ಎಷ್ಟು ದೂರ, ಎಷ್ಟು ಹೊತ್ತು. ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲ್ ತೀರ್ಮಾನಿಸಿಬಿಟ್ಟಿರುತ್ತವೆ. ದೂರ ನಿಮ್ಮ ತೋಳಿನ ಉದ್ದ. ಲೆಕ್ಕಕ್ಕೆ ಎಲ್‌ಟಿ ಸ್ವಿಚ್‌ಗೇರ್‌ನಲ್ಲಿ 610 ಮಿಲಿಮೀಟರ್, ಮೋಟರ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ 455 ಎಂದು ಹಿಡಿಯುತ್ತಾರೆ. ಅದು ಮುಖ ಮತ್ತು ಎದೆಯ ಅಳತೆ. ಕೈಗಳು ಒಳಗೇ ಇರುತ್ತವೆ. ಉಳಿದದ್ದು ಹೊತ್ತು. ಹೊತ್ತು ಎರಡು ಪಟ್ಟಾದರೆ ಶಾಖವೂ ಎರಡು ಪಟ್ಟು, ಹತ್ತು ಪಟ್ಟಾದರೆ ಹತ್ತು ಪಟ್ಟು.

‘ನಿಮಿಷ’ ಎಂಬ ಮಾತಿಗೆ ಮೂಲದಲ್ಲಿ ಎವೆ ಮುಚ್ಚಿ ತೆರೆಯುವ ಹೊತ್ತು ಎಂಬ ಅರ್ಥವಿತ್ತು. ಆಮೇಲೆ ಅದು ಅರವತ್ತು ಸೆಕೆಂಡಿಗೆ ಹಿಗ್ಗಿತು. ಹಳೆಯ ಅರ್ಥದ ನಿಮಿಷ ಸುಮಾರು 300 ಮಿಲಿಸೆಕೆಂಡ್, ಮತ್ತು ಇನ್‌ಕಮರ್ ಬ್ರೇಕರ್‌ಗೆ ಬೇಕೆಂದೇ ಇಡುವ ತಡವೂ ಅಷ್ಟೇ. ಕಾಕತಾಳೀಯವೇ ಇರಲಿ, ಮನಸ್ಸಿಗೆ ಹತ್ತುವ ಹೋಲಿಕೆ. ಮನುಷ್ಯನಿಗೆ ಎವೆಯಿಕ್ಕುವ ಹೊತ್ತು ಆರ್ಕ್‌ಗೆ ದೊಡ್ಡ ಆಯುಷ್ಯ. ಆರ್ಕ್ ನೂರು ಮಿಲಿಸೆಕೆಂಡಿನೊಳಗೆ ಆರಿದರೆ ಹಲವು ಬಾರಿ ಪ್ಯಾನೆಲನ್ನು ಒರೆಸಿ, ಪರೀಕ್ಷಿಸಿ, ಕೆಲವು ಭಾಗ ಬದಲಿಸಿ ಮತ್ತೆ ಹಚ್ಚಬಹುದು. ಅರ್ಧ ಸೆಕೆಂಡ್ ನಿಂತರೆ ಆ ಪ್ಯಾನೆಲ್ ಗುಜರಿಗೆ. ಎದುರಿಗಿದ್ದವರ ಗತಿಯನ್ನು ಬೇರೆ ಹೇಳಬೇಕಿಲ್ಲ.

ಬೇಕೆಂದೇ ಯಾಕೆ ತಡ? ಇಲ್ಲಿ ಯಾರ ಕೆಡುಕುತನವೂ ಇಲ್ಲ, ಇರುವುದು ಎರಡು ಒಳ್ಳೆಯ ಉದ್ದೇಶಗಳ ಜಗಳ. ಮೂಲೆಯ ಪಂಪಿನ ಕೇಬಲ್ ಶಾರ್ಟ್ ಆದರೆ ಆ ಪಂಪಿನ ಚಿಕ್ಕ ಬ್ರೇಕರ್ (ಎಂಸಿಸಿಬಿ) ಮಾತ್ರ ಬೀಳಬೇಕು, ಅಂದರೆ ಟ್ರಿಪ್ ಆಗಬೇಕು, ಇಡೀ ಕಟ್ಟಡ ಕತ್ತಲಾಗಬಾರದು. ಆದ್ದರಿಂದ ಕೆಳಗಿನ ಬ್ರೇಕರ್‌ಗೆ ಮೊದಲ ಅವಕಾಶ. ಅದು ಸೋತರೆ ಅದರ ಮೇಲಿನದು 0.1 ಅಥವಾ 0.2 ಸೆಕೆಂಡ್ ಕಾದು, ಅದೂ ಸೋತರೆ ಇನ್‌ಕಮರ್ 0.3 ಅಥವಾ 0.4 ಸೆಕೆಂಡ್ ಕಾದು ಬೀಳಬೇಕು. ಸೆಲೆಕ್ಟಿವಿಟಿ ಎಂದು ಕರೆಯುವ ಈ ಏಣಿ ಆಸ್ಪತ್ರೆಗೆ, ಡೇಟಾ ಸೆಂಟರ್‌ಗೆ, ನಿರಂತರ ಓಡುವ ಕಾರ್ಖಾನೆಗೆ ಬೇಕೇ ಬೇಕು. ತೊಂದರೆ ಏನೆಂದರೆ, ಆರ್ಕ್ ಎದ್ದದ್ದು ಮೂಲೆಯ ಪಂಪಿನಲ್ಲಲ್ಲ, ಮುಖ್ಯ ಬಸ್‌ಬಾರಿನ ಮೇಲೆಯೇ ಎಂದು ಇನ್‌ಕಮರ್‌ಗೆ ಗೊತ್ತಿಲ್ಲ. ಅದು ಶಿಸ್ತಾಗಿ ತನ್ನ ಸರದಿಗೆ ಕಾಯುತ್ತದೆ. ಅದರ ಸರದಿ ಬರುವವರೆಗೆ ಸುಡುವುದು ಎದುರಿಗಿದ್ದವರ ಮೈ. ದೀಪ ಆರಬಾರದೆಂಬ ಕಾಳಜಿಗೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆಯನ್ನು ಸೆಟ್ಟಿಂಗ್ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಇದಕ್ಕಿಂತ ಮೋಸದ ಇನ್ನೊಂದು ಮಾತಿದೆ. ಮೇಲೆ ಹೇಳಿದ 29 ಸಾವಿರ ಆಂಪಿಯರ್ ಗಟ್ಟಿ ಶಾರ್ಟ್‌ನ ಲೆಕ್ಕ. ಆರ್ಕ್‌ಗೆ ತನ್ನದೇ ರೋಧವಿರುವುದರಿಂದ 400 ವೋಲ್ಟ್‌ನಲ್ಲಿ ಕರೆಂಟ್ ಅದರ ಅರ್ಧಕ್ಕೂ ಇಳಿಯಬಹುದು. ಕಡಿಮೆ ಕರೆಂಟ್ ಅಂದರೆ ಕಡಿಮೆ ಅಪಾಯ ಅಲ್ಲವೇ ಎನಿಸುತ್ತದೆ. ಬ್ರೇಕರ್‌ಗೂ ಹಾಗೇ ಅನಿಸುತ್ತದೆ! ತಕ್ಷಣ ಬೀಳುವ ಮಿತಿಗಿಂತ ಕರೆಂಟ್ ಕೆಳಗಿದ್ದರೆ ಅದು ಓವರ್‌ಲೋಡ್ ಎಂದುಕೊಂಡು ಸೆಕೆಂಡುಗಟ್ಟಲೆ ಕಾಯಬಹುದು. ಅರ್ಧ ಕರೆಂಟ್, ಹತ್ತು ಪಟ್ಟು ಹೊತ್ತು. ಗುಣಿಸಿ ನೋಡಿದರೆ ದೊಡ್ಡ ಶಾರ್ಟ್‌ಗಿಂತ ಚಿಕ್ಕದೇ ಹೆಚ್ಚು ಸುಡುತ್ತದೆ. ಹಾಗಾಗಿ ಆರ್ಕ್ ಫ್ಲ್ಯಾಶ್ ಲೆಕ್ಕ ಹಾಕುವಾಗ ಅತಿ ಹೆಚ್ಚು ಕರೆಂಟ್ ಒಂದನ್ನೇ ಹಿಡಿದು ನಿಶ್ಚಿಂತೆಯಾದವರು ಅರ್ಧ ಕೆಲಸವನ್ನೂ ಮಾಡಿರುವುದಿಲ್ಲ. ಜನರೇಟರ್ ಮೇಲೆ ಓಡುವಾಗ ಏನಾಗುತ್ತದೆ, ಎರಡು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಒಂದು ಆಫ್ ಆದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು.

ಪ್ಯಾನೆಲ್‌ನಲ್ಲಿ ಅತಿ ಅಪಾಯದ ಜಾಗ ಯಾವುದು ಎಂದು ಕೇಳಿದರೆ ಹಲವರು ಬಸ್‌ಬಾರ್ ಚೇಂಬರ್ ಎನ್ನುತ್ತಾರೆ. ನಾನಾದರೆ ಇನ್‌ಕಮರ್ ಬ್ರೇಕರಿನ ಮೇಲ್ಬದಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಬಂದ ಕೇಬಲ್ ಕೂರುವ ಟರ್ಮಿನಲ್‌ಗಳನ್ನು ತೋರಿಸುತ್ತೇನೆ. ಅಲ್ಲಿ ಆರ್ಕ್ ಎದ್ದರೆ ಇನ್‌ಕಮರ್ ಬಿದ್ದೂ ಪ್ರಯೋಜನವಿಲ್ಲ, ಬೆಂಕಿ ಅದರ ಹಿಂದೆಯೇ ಇದೆ. ಕಡಿದುಹಾಕಬೇಕಾದ್ದು ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಎಚ್‌ಟಿ ಫ್ಯೂಸ್. ಎಲ್‌ಟಿ ಬದಿಯ 15 ಸಾವಿರ ಆಂಪಿಯರ್ ಆರ್ಕ್, 11 ಸಾವಿರ ವೋಲ್ಟ್ ಬದಿಯಲ್ಲಿ ಕಾಣುವುದು ಬರಿಯ 545 ಆಂಪಿಯರಾಗಿ. ಟ್ರಾನ್ಸ್‌ಫಾರ್ಮರ್ ಹಚ್ಚುವಾಗ ಕ್ಷಣಕಾಲ ನುಗ್ಗುವ ಕರೆಂಟನ್ನು (ಇನ್‌ರಷ್) ತಡೆದುಕೊಳ್ಳಲೆಂದು ದೊಡ್ಡದಾಗಿ ಆರಿಸಿದ ಫ್ಯೂಸ್‌ಗೆ ಅದು ಅಷ್ಟೇನೂ ಅವಸರದ ಕರೆಂಟಲ್ಲ. ಕರಗಲು ಒಂದು ಸೆಕೆಂಡಿಗೂ ಮೀರಿ ಹಿಡಿದರೆ ಆಶ್ಚರ್ಯವಿಲ್ಲ. ‘ಮೇನ್ ಆಫ್ ಮಾಡಿದ್ದೀನಿ, ಪ್ಯಾನೆಲ್ ಸತ್ತಿದೆ’ ಎಂದುಕೊಂಡು ಅದೇ ಕಪಾಟಿನೊಳಗೆ ಸ್ಪ್ಯಾನರ್ ಹಾಕುವವರಿಗೆ ತಮ್ಮ ತಲೆಯ ಮೇಲಿನ ಮೂರು ಟರ್ಮಿನಲ್ ಜೀವಂತ ಇವೆ ಎಂಬುದು ನೆನಪಿರುವುದಿಲ್ಲ. ಬ್ರೇಕರ್ ಹ್ಯಾಂಡಲ್ ಮೇಲಿನ ‘ಆಫ್’ ಎಂಬ ಹಸಿರು ಅಕ್ಷರ ಹೇಳುವುದು ಬ್ರೇಕರಿನ ಸಮಾಚಾರ, ಕಪಾಟಿನದಲ್ಲ.

ಇಷ್ಟಕ್ಕೆಲ್ಲ ಉಪಾಯ ಇಲ್ಲವೆಂದಲ್ಲ. ಇದೆ, ಮತ್ತು ಬಹುಪಾಲು ಉಪಾಯಗಳು ಬ್ರೇಕರಿನ ಹೊತ್ತನ್ನೇ ಹಿಡಿದು ಎಳೆಯುತ್ತವೆ. ಎಲ್ಲಕ್ಕಿಂತ ಸರಳವಾದದ್ದು ಮೇಂಟೆನೆನ್ಸ್ ಸ್ವಿಚ್. ಕೆಲಸಕ್ಕೆ ಹೋಗುವ ಮುನ್ನ ಅದನ್ನು ತಿರುಗಿಸಿದರೆ ಇನ್‌ಕಮರ್‌ನ ಬೇಕೆಂದೇ ಇಟ್ಟ ತಡ ತಾತ್ಕಾಲಿಕವಾಗಿ ಸೊನ್ನೆಯಾಗುತ್ತದೆ. ಆ ಒಂದೆರಡು ಗಂಟೆ ಸೆಲೆಕ್ಟಿವಿಟಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮರೆತರೆ ಮಾತ್ರ ಇದ್ದೂ ಇಲ್ಲದಂತೆ. ಝೋನ್ ಇಂಟರ್‌ಲಾಕಿಂಗ್‌ಗೆ ಮನುಷ್ಯನ ನೆನಪು ಬೇಕಿಲ್ಲ: ಕೆಳಗಿನ ಬ್ರೇಕರ್ ಫಾಲ್ಟ್ ಕಂಡರೆ ‘ನಾನು ನೋಡಿಕೊಳ್ಳುತ್ತೇನೆ, ನೀನು ತಾಳು’ ಎಂದು ಮೇಲಿನದಕ್ಕೆ ತಂತಿಯಲ್ಲಿ ಸಂಕೇತ ಕಳಿಸುತ್ತದೆ. ಸಂಕೇತ ಬರಲಿಲ್ಲವೆಂದರೆ ಫಾಲ್ಟ್ ತನ್ನ ಮತ್ತು ಕೆಳಗಿನದರ ನಡುವೆಯೇ ಇದೆ ಎಂದರಿತು ಮೇಲಿನದು ಕಾಯದೆ ಬೀಳುತ್ತದೆ. ಇನ್ನೂ ಚುರುಕಾದದ್ದು ಆರ್ಕ್ ರಿಲೇ. ಪ್ಯಾನೆಲ್ ಒಳಗೆ ಬೆಳಕು ಹಿಡಿಯುವ ಸೆನ್ಸರ್‌ಗಳಿರುತ್ತವೆ. ಕಪಾಟಿನ ಕತ್ತಲಲ್ಲಿ ಅಷ್ಟು ಬೆಳಕು ಬೇರಾವುದರಿಂದಲೂ ಬರಲಾರದು. ಬೆಳಕು ಮತ್ತು ಕರೆಂಟಿನ ಏರಿಕೆ ಒಟ್ಟಿಗೆ ಕಂಡರೆ ಕೆಲವೇ ಮಿಲಿಸೆಕೆಂಡಿನಲ್ಲಿ ಟ್ರಿಪ್ ಆದೇಶ ಹೊರಡುತ್ತದೆ. ಆಮೇಲೆ ಬ್ರೇಕರಿನ ಯಂತ್ರಭಾಗ ತೆರೆದುಕೊಳ್ಳುವ ಹೊತ್ತು ಮಾತ್ರ ಉಳಿಯುತ್ತದೆ. ಒಟ್ಟು ನೂರು ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಎವೆಯಿಕ್ಕದವರಿಗೆ ಅನಿಮಿಷರು ಎನ್ನುತ್ತಾರೆ. ಈ ಸೆನ್ಸರ್‌ಗೆ ಆ ಹೆಸರು ಸಲ್ಲುತ್ತದೆ.

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 2014ರ ಆವೃತ್ತಿಯಿಂದ 1200 ಆಂಪಿಯರ್ ಮತ್ತು ಅದಕ್ಕೂ ದೊಡ್ಡ ಬ್ರೇಕರ್‌ಗಳಿಗೆ ಇಂಥ ಯಾವುದಾದರೊಂದು ಉಪಾಯ ಇರಲೇಬೇಕು ಎಂದು ವಿಧಿಸಿದೆ. ತಂತ್ರಜ್ಞಾನ ಹೊಸದೇನಲ್ಲ. ಟೆಂಡರಿನ ದರಪಟ್ಟಿಯಲ್ಲಿ ‘ಐಚ್ಛಿಕ’ ಎಂಬ ತಲೆಬರಹದಡಿ ಅದು ಕೂತಿರುವಷ್ಟು ಕಾಲ ಖರೀದಿ ವಿಭಾಗದ ಕೆಂಪು ಪೆನ್ನಿಗೆ ಮೊದಲು ಸಿಗುವುದೂ ಅದೇ. ಅದಿಲ್ಲದಿದ್ದರೂ ಮಷೀನು ಓಡುತ್ತದೆಯೇ ಎಂಬ ಒಂದೇ ಪರೀಕ್ಷೆಗೆ ಒಡ್ಡಿದರೆ ಸುರಕ್ಷತೆಯ ಯಾವ ಭಾಗವೂ ಪಾಸಾಗುವುದಿಲ್ಲ.

ಬಾಗಿಲಿನ ವಿಷಯವನ್ನೂ ಹೇಳಬೇಕು. ಎಲ್‌ಟಿ ಪ್ಯಾನೆಲ್‌ಗಳಿಗೆ ಈಗಿರುವ ಮುಖ್ಯ ಮಾನದಂಡ ಐಇಸಿ 61439. ಶಾಖ ಏರಿಕೆ, ಶಾರ್ಟ್ ತಾಳುವ ಶಕ್ತಿ, ಇನ್ಸುಲೇಷನ್ ಎಲ್ಲದರ ಪರಿಶೀಲನೆ ಅದರಲ್ಲಿದೆ. ಒಳಗೆ ಆರ್ಕ್ ಎದ್ದರೆ ಹೊರಗೆ ನಿಂತವರಿಗೆ ಏನಾಗುತ್ತದೆ ಎಂಬ ಪರೀಕ್ಷೆ ಬೇರೆಯೇ ದಾಖಲೆಯಲ್ಲಿ, ಐಇಸಿ 61641ರಲ್ಲಿ ಇದೆ. ಅದು ತಯಾರಕ ಮತ್ತು ಗ್ರಾಹಕ ಒಪ್ಪಿಕೊಂಡರೆ ಮಾತ್ರ ನಡೆಯುವಂಥದ್ದು. ‘ನಮ್ಮ ಪ್ಯಾನೆಲ್ ಆರ್ಕ್ ಪ್ರೂಫ್’ ಎಂದು ಮಾರಾಟದವರು ಹೇಳಿದಾಗ ಒಂದು ಮಾತು ಕೇಳಬೇಕು: ಪರೀಕ್ಷೆ ಮಾಡುವಾಗ ಬಾಗಿಲು ಹೇಗಿತ್ತು? ಮುಚ್ಚಿ, ಎಲ್ಲ ಬೋಲ್ಟ್ ಬಿಗಿದೇ ಪರೀಕ್ಷಿಸಿರುತ್ತಾರೆ. ಆದರೆ ಎಲೆಕ್ಟ್ರಿಷಿಯನ್ ಪ್ಯಾನೆಲ್ ಮುಂದೆ ನಿಲ್ಲುವುದು ಬಹುಪಾಲು ಬಾಗಿಲು ತೆರೆಯುವುದಕ್ಕೇ. ತೆರೆದ ಬಾಗಿಲಿನ ಪ್ಯಾನೆಲ್‌ಗೆ ಆ ಸರ್ಟಿಫಿಕೇಟು ಒಂದು ಕಾಗದ.

ಬಾಗಿಲು ತೆರೆಯುವ ಪ್ರಸಂಗಗಳನ್ನೇ ಕಡಿಮೆ ಮಾಡುವುದು ಜಾಣತನ. ಥರ್ಮಲ್ ಕ್ಯಾಮೆರಾದಿಂದ ಜಾಯಿಂಟ್‌ಗಳ ಬಿಸಿ ನೋಡಲು ಲೋಡ್ ಓಡುತ್ತಿರಬೇಕು, ಹಾಗಾಗಿ ಜೀವಂತ ಪ್ಯಾನೆಲ್‌ನ ಕವರ್ ಬಿಚ್ಚುತ್ತಾರೆ. ಅಪಾಯ ಪತ್ತೆ ಮಾಡಲು ಅಪಾಯವನ್ನೇ ಬಿಚ್ಚಿದಂತೆ. ಇನ್‌ಫ್ರಾರೆಡ್ ಕಿಟಕಿ ಕೂರಿಸಿದ್ದರೆ ಕವರ್ ಮುಟ್ಟಬೇಕಿಲ್ಲ. ಬ್ರೇಕರನ್ನು ಹೊರಗೆಳೆಯುವ, ಒಳತಳ್ಳುವ ರ‍್ಯಾಕಿಂಗ್ ಕೆಲಸ ಇನ್ನೊಂದು. ತಿರುಪು ಹಿಡಿ ಹಾಕಿ ತಿರುಗಿಸುವಾಗ ಕಾಂಟ್ಯಾಕ್ಟ್ ಬೆರಳುಗಳು ಜೀವಂತ ಬಸ್‌ಬಾರನ್ನು ಕಚ್ಚುತ್ತಿರುತ್ತವೆ. ಒಂದು ಬೆರಳು ಓರೆಯಾಗಿದ್ದರೂ ಸಾಕು. ಮೋಟರ್ ಜೋಡಿಸಿ ಹತ್ತು ಮೀಟರ್ ಆಚೆಯಿಂದ ಗುಂಡಿ ಒತ್ತಿ ಮಾಡುವ ವ್ಯವಸ್ಥೆ ಈಗ ಸುಲಭವಾಗಿ ಸಿಗುತ್ತದೆ. 2018ರ ಐಇಇಇ 1584 ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿತು: ಬಸ್‌ಬಾರಿನ ತುದಿ ಮನುಷ್ಯನ ಕಡೆಗೆ ಅಡ್ಡಲಾಗಿ ಮುಖಮಾಡಿದ್ದರೆ ಪ್ಲಾಸ್ಮಾ ನೇರ ಅವರ ಮೇಲೇ ನುಗ್ಗುತ್ತದೆ, ಲಂಬವಾಗಿದ್ದರೆ ಅಷ್ಟಿಲ್ಲ. ಬ್ರೇಕರ್ ಹೊರಗೆಳೆದ ಕಪಾಟಿನೊಳಗೆ ಇಣುಕಿದರೆ ಎದುರಿಗೆ ಕಾಣುವುದು ಇಂಥ ತುದಿಗಳೇ.

ಎಲ್ಲ ಆರ್ಕ್‌ಗಳೂ ಕೈಜಾರಿದ ವಾಷರಿನಿಂದ ಹುಟ್ಟುವುದಿಲ್ಲ. ಸಡಿಲ ಜಾಯಿಂಟ್ ಮೆಲ್ಲಗೆ ಮಾಡುವ ಕೆಲಸ ಹೆಚ್ಚು. ಕೇಬಲ್ ತುದಿಯ ಲೋಹದ ಲಗ್ ಸರಿಯಾಗಿ ಅದುಮಿ ಕ್ರಿಂಪ್ ಆಗಿರುವುದಿಲ್ಲ, ಅಥವಾ ಬೋಲ್ಟನ್ನು ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿದಿರುತ್ತಾರೆ. ಅಲ್ಲಿ ರೋಧ ತುಸು ಹೆಚ್ಚು, ಹಾಗಾಗಿ ಬಿಸಿ ತುಸು ಹೆಚ್ಚು. ಬಿಸಿಗೆ ಮೇಲ್ಮೈ ಕಪ್ಪಾಗಿ ರೋಧ ಮತ್ತಷ್ಟು. ಅಲ್ಯೂಮಿನಿಯಂ ಆದರೆ ಒತ್ತಡಕ್ಕೆ ನಿಧಾನವಾಗಿ ಹರಿದು ತಾನೇ ಸಡಿಲವಾಗುತ್ತದೆ. ವರ್ಷಾನುಗಟ್ಟಲೆ ನಡೆಯುವ ಈ ಕ್ರಿಯೆಯಲ್ಲಿ ಇನ್ಸುಲೇಷನ್ ಬೆಂದು, ಮಸಿ ಕೂತು, ಒಂದು ದಿನ ಯಾರೋ ಬಾಗಿಲು ಎಳೆದ ಅದುರಿಗೆ ಹೊತ್ತಿಕೊಳ್ಳುತ್ತದೆ. ಇತ್ತ ಬ್ರೇಕರೂ ಹಳೆಯದಾಗುತ್ತಿರುತ್ತದೆ. ಐದಾರು ವರ್ಷ ಒಮ್ಮೆಯೂ ತೆರೆಯದ ಬ್ರೇಕರಿನ ಗ್ರೀಸ್ ಗಟ್ಟಿಯಾಗಿ, ಎಷ್ಟು ಕರೆಂಟಿಗೆ ಎಷ್ಟು ಹೊತ್ತು ಎಂದು ತೋರಿಸುವ ಕರ್ವ್‌ನಲ್ಲಿ ಅಚ್ಚಾದ ಹೊತ್ತಿಗೆ ಅದು ಬೀಳುತ್ತದೆಂಬ ಭರವಸೆ ಹೋಗಿರುತ್ತದೆ. ಲೆಕ್ಕವೆಲ್ಲ ಹೊಸ ಬ್ರೇಕರ್ ಮೇಲೆ, ಕೆಲಸ ಹಳೆಯದರ ಮುಂದೆ.

ಕರೆಂಟ್ ತೆಗೆದು ಕೆಲಸ ಮಾಡುವುದು ಎಲ್ಲಕ್ಕಿಂತ ಮೇಲು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಯುರೋಪಿನ ಇಎನ್ 50110 ಮಾನದಂಡ ಹೇಳುವ ಕ್ರಮ ಹೀಗೆ ನಡೆಯುತ್ತದೆ: ಪೂರ್ತಿ ಬೇರ್ಪಡಿಸು, ಯಾರೂ ಮತ್ತೆ ಹಚ್ಚದಂತೆ ಬೀಗ ಹಾಕು, ಸತ್ತಿದೆಯೇ ನೋಡು, ಅರ್ಥ್ ಮಾಡಿ ಶಾರ್ಟ್ ಮಾಡು, ಪಕ್ಕದ ಜೀವಂತ ಭಾಗಗಳನ್ನು ಮರೆಮಾಡು. ಬೀಗ ಮತ್ತು ಟ್ಯಾಗಿನ ಪದ್ಧತಿಯನ್ನು ಅಮೆರಿಕ 1989ರಲ್ಲೇ ಕಾನೂನಾಗಿ ಹೊರಡಿಸಿತು. ಇವುಗಳಲ್ಲಿ ಹೆಚ್ಚು ಎಡವುವುದು ಮೂರನೆಯದರಲ್ಲಿ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಫೀಡರ್‌ನ, ಅಂದರೆ ಪ್ಯಾನೆಲ್‌ನಿಂದ ಹೊರಹೋಗುವ ಲೈನಿನ, ಟರ್ಮಿನಲ್‌ಗೆ ಮಲ್ಟಿಮೀಟರ್ ಇಟ್ಟು, ಸೊನ್ನೆ ಕಂಡು, ಸ್ಪ್ಯಾನರ್ ಎತ್ತಿಕೊಂಡೆ. ಹಿಂದೆ ನಿಂತಿದ್ದ ಫೋರ್‌ಮನ್ ಭುಜ ಹಿಡಿದರು. “ಸತ್ತಿದೆ ಅಂತ ನಿನಗ್ಯಾರು ಹೇಳಿದ್ರಪ್ಪಾ?”

“ಮೀಟ್ರು ಹೇಳ್ತಲ್ಲ ಸಾರ್.”

“ಮೀಟ್ರೇ ಸತ್ತಿದ್ರೆ?”

ಮೀಟರನ್ನು ಪಕ್ಕದ ಜೀವಂತ ಸಾಕೆಟ್‌ಗೆ ಇಡಿಸಿದರು. ಅಲ್ಲೂ ಸೊನ್ನೆಯೇ. ಲೀಡ್ ಒಳಗೇ ತುಂಡಾಗಿತ್ತು. ಬೇರೆ ಮೀಟರ್ ತಂದು ನೋಡಿದಾಗ ಫೀಡರ್ ನಿಜಕ್ಕೂ ಸತ್ತೇ ಇತ್ತು, ಅದು ನನ್ನ ಅದೃಷ್ಟ. ಮೊದಲು ಜೀವಂತದ ಮೇಲೆ, ಆಮೇಲೆ ಕೆಲಸದ ಜಾಗದ ಮೇಲೆ, ಮತ್ತೆ ಜೀವಂತದ ಮೇಲೆ ಎಂಬ ಮೂರು ಹೆಜ್ಜೆಯ ಪರೀಕ್ಷೆ ಪುಸ್ತಕದಲ್ಲೂ ಇದೆ. ನನಗೆ ಕಲಿಸಿದ್ದು ಆ ಭುಜದ ಮೇಲಿನ ಕೈ. ಇನ್ನೊಂದು ಮೀಟರ್ ಪಾಠ ಕೇಳಿಯಷ್ಟೇ ಕಲಿಯುವುದು ಮೇಲು: ಕೆಂಪು ಲೀಡ್ ಆಂಪಿಯರ್ ತೂತಿನಲ್ಲೇ ಉಳಿದಿರುವಾಗ ಎರಡು ಫೇಸ್‌ಗಳ ನಡುವೆ ಇಟ್ಟರೆ ಮೀಟರ್ ಅಳೆಯುವುದಿಲ್ಲ, ಶಾರ್ಟ್ ಮಾಡುತ್ತದೆ. ವಿತರಣಾ ಪ್ಯಾನೆಲ್‌ಗೆ ಕ್ಯಾಟ್ 3 ಅಥವಾ ಕ್ಯಾಟ್ 4 ದರ್ಜೆಯ ಮೀಟರ್ ಬೇಕೆನ್ನುವುದು ಇಂಥ ಹೊಡೆತಗಳನ್ನು ನೆನೆದೇ. ಇಷ್ಟರ ಮೇಲೆ, ಯುಪಿಎಸ್‌ನಿಂದಲೋ ಜನರೇಟರಿನಿಂದಲೋ ಸೋಲಾರ್ ಇನ್ವರ್ಟರಿನಿಂದಲೋ ಹಿಂದಿನಿಂದ ಬರುವ ಕರೆಂಟಿಗೆ ನಮ್ಮ ಬೀಗದ ಹಂಗಿಲ್ಲ.

ಸೋಲಾರ್ ಎಂದಾಗ ಡಿಸಿಯ ಮಾತೂ ಬರುತ್ತದೆ. ಎಸಿ ಕರೆಂಟ್ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ನೂರು ಬಾರಿ ಸೊನ್ನೆ ಮುಟ್ಟುತ್ತದೆ, ಆರ್ಕ್‌ಗೆ ಅಷ್ಟು ಬಾರಿ ಆರುವ ಅವಕಾಶ. ಡಿಸಿಯಲ್ಲಿ ಆ ಬಿಡುವೇ ಇಲ್ಲ. ಸೌರ ಫಲಕಕ್ಕಂತೂ ಸ್ವಿಚ್ಚಿಲ್ಲ, ಬಿಸಿಲಿದ್ದಷ್ಟು ಹೊತ್ತು ಅದು ಜೀವಂತ. ಬ್ಯಾಟರಿ ಸಾಲುಗಳೂ ಹಾಗೆಯೇ. 1500 ವೋಲ್ಟ್ ಡಿಸಿ ಕೂಡ ‘ಲೋ’ ಎಂಬ ಚೌಕದೊಳಗೇ ಇರುವುದರಿಂದ, ಮನೆ ವೈರಿಂಗ್‌ನಿಂದ ಬಂದ ಕೈಗಳೇ ಈ ಕೆಲಸಕ್ಕೂ ಹೋಗುತ್ತಿವೆ. ಬರುವ ವರ್ಷಗಳಲ್ಲಿ ನನಗೆ ಹೆಚ್ಚು ಅಂಜಿಕೆ ಇರುವುದು ಇಲ್ಲೇ.

ಕೈಗವಸು, ಆರ್ಕ್ ಸೂಟ್‌ಗಳನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಸುರಕ್ಷತೆಯ ಮೆಟ್ಟಿಲುಗಳಲ್ಲಿ ಅವುಗಳ ಜಾಗವೂ ಕೊನೆಯದೇ. ಅವು ಬೇಕು. ಪಾಲಿಯೆಸ್ಟರ್ ಅಂಗಿ ಕರಗಿ ಚರ್ಮಕ್ಕೆ ಅಂಟುವುದನ್ನು ಕಂಡವರು ಬೇಡವೆನ್ನಲಾರರು. ಎನ್‌ಎಫ್‌ಪಿಎ 70ಇಯ ನಾಲ್ಕನೇ ವರ್ಗದ ಸೂಟ್ ಕನಿಷ್ಠ 40 ಕ್ಯಾಲರಿ ತಡೆಯಬೇಕು. ಆದರೆ ಆ ಸಂಖ್ಯೆ ಶಾಖದ್ದು. ಸ್ಫೋಟದ ಒತ್ತಡಕ್ಕೆ, ಹಾರಿಬರುವ ಬೋಲ್ಟಿಗೆ ಕ್ಯಾಲರಿಯ ಲೆಕ್ಕ ಇಲ್ಲ. ಮತ್ತೆ ಆ ಸೂಟ್ ತೊಟ್ಟು ಕೆಲಸ ಮಾಡಿ ನೋಡಬೇಕು. ಹತ್ತು ನಿಮಿಷಕ್ಕೆ ಮುಖಕವಚ ಮಂಜಾಗುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ಎರಡು ಪದರದ ಕೈಗವಸಿನೊಳಗಿನ ಬೆರಳುಗಳಿಗೆ ವಾಷರ್ ಸಿಕ್ಕಿತೋ ಜಾರಿತೋ ತಿಳಿಯುವುದಿಲ್ಲ.

ಅವಘಡದ ವರದಿಗಳಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂಬ ಸಾಲು ಸಿದ್ಧ ಅಚ್ಚಿನಂತೆ ಬರುತ್ತದೆ. ಕೈಜಾರುವುದು ಮನುಷ್ಯ ಕೈಯ ಗುಣ, ಅದನ್ನು ತಿದ್ದಲು ಬರುವುದಿಲ್ಲ. ಶಟ್‌ಡೌನ್ ಕೇಳಿದಾಗ ‘ಪ್ರೊಡಕ್ಷನ್ ನಿಲ್ಲಿಸಕ್ಕಾಗಲ್ಲ, ಹುಷಾರಾಗಿ ಮಾಡಿ’ ಎಂದವರ ಹೆಸರು ವರದಿಯಲ್ಲಿರುವುದಿಲ್ಲ. ಬೆರಳು ಹೋಗದಂತೆ ಐಪಿ 2ಎಕ್ಸ್ ಮರೆ ಇಡದೆ, ಫೀಡರ್‌ಗಳ ನಡುವೆ ಗೋಡೆಯಿಲ್ಲದ ಫಾರ್ಮ್ 1 ಪ್ಯಾನೆಲ್ ಸಾಕೆಂದು ಒಪ್ಪಿದವರದೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯ ಮುಖ್ಯ ಪ್ಯಾನೆಲ್ ನೋಡಲು ಹೋಗಿದ್ದೆ. ಅಚ್ಚುಕಟ್ಟಾದ ಕೋಣೆ, ಹೊಸ ರಬ್ಬರ್ ಮ್ಯಾಟ್. ಬಾಗಿಲ ಮೇಲೆ ಕಿತ್ತಳೆ ಬಣ್ಣದ ಆರ್ಕ್ ಫ್ಲ್ಯಾಶ್ ಲೇಬಲ್, ಅದರಲ್ಲಿ ಕ್ಯಾಲರಿ, ದೂರ, ತೊಡಬೇಕಾದ ಉಡುಪು ಎಲ್ಲ ಇತ್ತು. ಲೆಕ್ಕದ ಫೈಲನ್ನು ಕೇಳಿ ತರಿಸಿ ನೋಡಿದರೆ ಇನ್‌ಕಮರ್‌ಗೆ 0.1 ಸೆಕೆಂಡ್ ತಡ ಹಿಡಿದು ಹಾಕಿದ ಲೆಕ್ಕ. ಬ್ರೇಕರ್ ಮುಖದ ಪಾರದರ್ಶಕ ಮುಚ್ಚಳದ ಸೀಲ್ ಮುರಿದಿತ್ತು. ಒಳಗಿನ ಡಯಲ್ 0.4ರ ಎದುರು ನಿಂತಿತ್ತು. ಯಾವಾಗಲೋ ಪದೇ ಪದೇ ಟ್ರಿಪ್ ಆಗುತ್ತಿತ್ತಂತೆ, ಯಾರೋ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ದಾರೆ, ಆಮೇಲೆ ಟ್ರಿಪ್ ನಿಂತಿತಂತೆ. ಲಾಗ್‌ಬುಕ್‌ನಲ್ಲಿ ಅದರ ಸುದ್ದಿಯಿಲ್ಲ. ಬ್ರೇಕರ್ ತೆರೆದುಕೊಳ್ಳುವ ಹೊತ್ತನ್ನೂ ಎರಡೂ ಕಡೆ ಸೇರಿಸಿ ನೋಡಿದರೆ, ಲೇಬಲ್‌ನಲ್ಲಿದ್ದುದಕ್ಕಿಂತ ಸುಮಾರು ಮೂರು ಪಟ್ಟು ಶಾಖ ಆ ಬಾಗಿಲ ಹಿಂದೆ ಕಾಯುತ್ತಿತ್ತು. ನಾನು ಬರೆದುಕೊಳ್ಳುತ್ತಿರುವಾಗಲೇ ಹುಡುಗನೊಬ್ಬ ಲೇಬಲ್ ಓದಿ, ಅದರಲ್ಲಿ ಹೇಳಿದಷ್ಟೇ ದಪ್ಪದ ಕೈಗವಸನ್ನು ಶಿಸ್ತಾಗಿ ತೊಟ್ಟುಕೊಳ್ಳುತ್ತಿದ್ದ.